ಮಳೆಗೆ ಮೊದಲು ಮೂರು ಕೋಟು

ಮರ ನನಗೆ ಒಂದು ದಿನವೂ ತೊಂದರೆ ಕೊಟ್ಟದ್ದಿಲ್ಲ; ಮರದ ಸುತ್ತ ನಿಂತ ಜನರಿಂದ ಮಾತ್ರ ಒಂದಲ್ಲ ಒಂದು ಪ್ರಸಂಗ ಆಗದೆ ನನ್ನ ಯಾವ ಕೆಲಸವೂ ಮುಗಿದದ್ದಿಲ್ಲ.

ನಾನು ಬಸ್ರೂರಿನವನು. ಮನೆಯ ಹೊರಗಿನ ಮರಕ್ಕೆ, ಅಂದರೆ ಬಿಸಿಲು, ಮಳೆ, ಉಪ್ಪುಗಾಳಿ ತಿನ್ನುವ ಮರಕ್ಕೆ ಎಣ್ಣೆ, ಬಣ್ಣ ಹಚ್ಚುವುದು ನನ್ನ ಕೆಲಸ. ಯಾರೂ ಕಲಿಸಿದ್ದಲ್ಲ, ನಮ್ಮದೇ ಮನೆ ಬಾಗಿಲನ್ನು ಮೂರು ಸಲ ಹಾಳು ಮಾಡಿ ಕಲಿತದ್ದು. ತಪ್ಪು ಮಾಲು ಮಾರುವ ಅಂಗಡಿಯೆದುರು ಬೊಬ್ಬೆ ಹಾಕುತ್ತೇನೆ. ಕಚೇರಿಗೆ ಅರ್ಜಿ ಬರೆಯುತ್ತೇನೆ, ಉತ್ತರ ಬಾರದಿದ್ದರೆ ಬಾಗಿಲಲ್ಲೇ ಕೂರುತ್ತೇನೆ. ಹೀಗಾಗಿ ಬೇರೆ ಗತಿ ಇಲ್ಲದವರು ಮಾತ್ರ ನನ್ನನ್ನು ಕೆಲಸಕ್ಕೆ ಕರೆಯುತ್ತಾರೆ.

ಹಾಗೆ ಕರೆದವರು ಬೈಂದೂರಿನಾಚೆ ಕಡಲ ಬದಿಯ ಒಬ್ಬ ಅಕ್ಕ. ಮೀನು ಮಾರಿ ಬದುಕಿದವರು. ಗಂಡನ ಮೊಣಕಾಲು ಸವೆದು ಅವರು ದೋಣಿ ಹತ್ತುವುದು ನಿಂತ ಮೇಲೆ, ಇದ್ದ ಜಾಗದಲ್ಲಿ ಇಡೀ ಇಡೀ ದಿಮ್ಮಿ ಒಂದರ ಮೇಲೊಂದು ಜೋಡಿಸಿ ಒಂದು ಮರದ ಮನೆ ಕಟ್ಟಿಸಿದ್ದರು. ಕಡಲು ನೋಡಲು ಬರುವವರಿಗೆ ಬಾಡಿಗೆಗೆ. ಗಂಡ ಹೆಂಡತಿಯ ಮುಂದಿನ ಬದುಕು ಪೂರ್ತಿ ಆ ಮನೆಯ ಮೇಲೆ. ನಾನು ಹೋಗುವಾಗ ಮೇ ತಿಂಗಳ ನಡು. ದಿಮ್ಮಿಗಳೆಲ್ಲ ಬೆತ್ತಲೆ ನಿಂತಿದ್ದವು. ಹಾಗೆಯೇ ಮಳೆಗೆ ಸಿಕ್ಕಿದರೆ ಮರ ನೀರು ಕುಡಿದು, ಬೂಸ್ಟು ಹಿಡಿದು, ಎರಡು ಮಳೆಗಾಲದೊಳಗೆ ಕುಂಬಾಗಿ ಪುಡಿ ಉದುರುತ್ತದೆ.

“ಮಳಿ ಬಪ್ಪುದ್ರೊಳ್ಗೆ ಮುಗಿತ್ತಾ ಮೇಸ್ತ್ರಿ?” ಎಂದು ಅಕ್ಕ ಕೇಳಿದರು.

“ಮುಗಿತ್ತ್” ಎಂದೆ. ಹೇಳಿದ ಗಳಿಗೆಯಿಂದಲೇ ಬೆರಳಲ್ಲಿ ದಿನ ಎಣಿಸಲು ಶುರು ಮಾಡಿದೆ.

ಹಾವಿನ ಪೊರೆ

ಮೊದಲು ಮಾಲು ತರಬೇಕಲ್ಲ, ಬ್ರಹ್ಮಾವರದ ಒಂದು ಪೇಂಟಿನ ಅಂಗಡಿಗೆ ಹೋದೆ. ಕೇಳುವ ಮೊದಲೇ ಅಂಗಡಿಯವರು ಫಳಫಳ ಹೊಳೆಯುವ ಬಣ್ಣವಿಲ್ಲದ ವಾರ್ನಿಷಿನ ಡಬ್ಬ ತಂದಿಟ್ಟರು.

“ಇದ್ ಹಚ್ಚಿ, ಹತ್ತ್ ವರ್ಷ ತಿರ್ಗಿ ಕಾಂಬುದೇ ಬೇಡ.”

“ಇದು ಒಳಗಿನ ಮರಕ್ಕೋ, ಹೊರಗಿನ ಮರಕ್ಕೋ?”

“ಮರ ಮರವೇ ಅಲ್ದಾ ಮಾರ್ರೆ?”

ನನಗೆ ಪಿತ್ತ ನೆತ್ತಿಗೇರಿತು. ಬಣ್ಣದ ಅಂಶ ಇಲ್ಲದ್ದು ಬಿಸಿಲು ತಡೆಯುವುದಿಲ್ಲ, ಕಡಲ ಬದಿಯಲ್ಲಿ ಒಂದೇ ವರ್ಷಕ್ಕೆ ಹಾವಿನ ಪೊರೆಯ ಹಾಗೆ ಏಳುತ್ತದೆ, ಎದ್ದ ಪೊರೆಯ ಅಡಿಗೆ ನೀರು ಹೊಕ್ಕು ಮರ ಕೊಳೆಯುತ್ತದೆ. ಇದನ್ನು ರಸ್ತೆಗೆ ಕೇಳುವಷ್ಟು ದೊಡ್ಡದಾಗಿ ಹೇಳಿದೆ. ಗಿರಾಕಿಗಳೆಲ್ಲ ತಿರುಗಿ ನೋಡಿದರು. ಅಂಗಡಿಯವರು ಜಗ್ಗಲಿಲ್ಲ.

ಆಗ ಅವರದೇ ಅಂಗಡಿಯ ಮರದ ಬಾಗಿಲ ಮೇಲೆ ನನ್ನ ಕಣ್ಣು ಬಿತ್ತು. ಪಡುವಣ ಬಿಸಿಲಿಗೆ ಮುಖ ಮಾಡಿದ ಬಾಗಿಲು, ಹಚ್ಚಿದ್ದು ಅದೇ ವಾರ್ನಿಷು. ಹೋಗಿ ಉಗುರಲ್ಲಿ ಎತ್ತಿದೆ. ಗೇಣುದ್ದದ ಪೊರೆ ಕೈಗೆ ಬಂತು. ತಂದು ಅವರ ಟೇಬಲ್ ಮೇಲಿಟ್ಟೆ.

“ಇದಕ್ಕೆ ಎಂತ ಹೇಳ್ತ್ರಿ?”

ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, ಸಮಾಧಾನದಲ್ಲಿ ಹೇಳಿದರು: “ಹೌದ್ ಮಾರ್ರೆ, ಒಳ್ಳೇದಿಲ್ಲೆ. ಅದಕ್ಕೇ ಬೇಗ ಖಾಲಿ ಮಾಡ್ತಾ ಇಪ್ಪುದ್.”

ಗೋಡೆಗೆ ಶುಗರ್

ಬೇರೆ ಕಡೆ ಹುಡುಕಿ ಬಣ್ಣ ಬೆರೆಸಿದ ಒಳ್ಳೆಯ ಎಣ್ಣೆ ತಂದು, ದಿಮ್ಮಿಗಳನ್ನು ಉಪ್ಪುಕಾಗದದಲ್ಲಿ ಉಜ್ಜಲು ಶುರು ಮಾಡಿದೆ. ಆದರೆ ಮರ ಒಣಗದೆ ಎಣ್ಣೆ ಹಚ್ಚುವ ಹಾಗಿಲ್ಲ, ಹಚ್ಚಿದರೆ ನೀರನ್ನು ಒಳಗೇ ಕೂಡಿ ಹಾಕಿದ ಹಾಗೆ. ಮರದ ತೇವ ಅಳೆಯುವ ಒಂದು ಸಣ್ಣ ಯಂತ್ರ ನನ್ನಲ್ಲಿದೆ. ಅದರ ಎರಡು ಸೂಜಿ ಮರಕ್ಕೆ ಚುಚ್ಚಿದರೆ ಅಂಕಿ ತೋರಿಸುತ್ತದೆ.

ಅಕ್ಕನ ಗಂಡನನ್ನು ನಾನು ಭಾವ ಎಂದು ಕರೆಯುವುದು. ಅವರಿಗೆ ಸಕ್ಕರೆ ಕಾಯಿಲೆ, ಚುಚ್ಚಿಸಿಕೊಂಡು ಅಭ್ಯಾಸ. ನಾನು ಬೆಳಿಗ್ಗೆ ಸೂಜಿ ಚುಚ್ಚುವಾಗಲೆಲ್ಲ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು.

“ಇವತ್ತ್ ಗೋಡಿಗೆ ಶುಗರ್ ಎಷ್ಟಿತ್ತ್?”

ಮೂರು ಗೋಡೆಯ ಅಂಕಿ ದಿನದಿನ ಇಳಿಯುತ್ತಿತ್ತು. ಬಡಗು ಗೋಡೆಯದ್ದು ಮಾತ್ರ ಇಳಿಯಲೇ ಇಲ್ಲ. ಉರಿಬಿಸಿಲು, ಆದರೂ ಬೆಳಿಗ್ಗೆ ನೋಡಿದರೆ ಏರಿಯೇ ಇರುತ್ತಿತ್ತು. ಯಂತ್ರ ಕೆಟ್ಟಿತೋ, ದಿಮ್ಮಿ ಮಾರಿದವನು ಹಸಿಮರ ಕೊಟ್ಟು ಮೋಸ ಮಾಡಿದನೋ ಎಂದು ಮೂರು ದಿನ ಅನ್ನ ಸೇರಲಿಲ್ಲ. ದಿಮ್ಮಿ ಮಾರಿದವನಿಗೆ ಫೋನು ಮಾಡಿ ಬಾಯಿಗೆ ಬಂದ ಹಾಗೆ ಬೈದೂ ಆಯಿತು.

ನಾಲ್ಕನೇ ದಿನ ಮೊದಲ ಬಸ್ಸಿಗೇ ಬಂದೆ. ನೋಡಿದರೆ ಅಕ್ಕ ಪೈಪು ಹಿಡಿದು ಬಡಗು ಗೋಡೆಯನ್ನು ಮೇಲಿಂದ ಕೆಳಗೆ ತೊಳೆಯುತ್ತಿದ್ದಾರೆ!

“ಅಕ್ಕಾ! ಎಂತ ಮಾಡ್ತ್ರಿ?”

“ನೀವ್ ಉಜ್ಜಿದ್ ಧೂಳೆಲ್ಲ ಈ ಬದಿಗೇ ಬಂದ್ ಕೂತ್ಕಂತ್ತ್. ಎಣ್ಣಿ ಹಚ್ಚುಕ್ ಮೊದ್ಲ್ ಒಂದ್ ಸಲ ಮೀಸ್ಬೇಕಲ್ದಾ?”

ನಾನು ಓಡಿ ಹೋಗಿ ನಲ್ಲಿ ನಿಲ್ಲಿಸಿದೆ. ಭಾವ ಜಗಲಿಯಿಂದಲೇ ತೀರ್ಪು ಕೊಟ್ಟರು: “ಕಾಣಿ ಮೇಸ್ತ್ರಿ, ನೀವ್ ಇಲ್ಲಿ ಪಥ್ಯ ಮಾಡ್ಸ್ತಿದ್ರಿ. ಇವ್ಳ್ ಕದ್ದ್ ಪಾಯ್ಸ ಕುಡಿಸ್ತಿದ್ದಳ್!”

ಅರ್ಜಿದಾರರ ನೀರು

ಗೋಡೆ ಒಣಗುತ್ತಿರುವಾಗ ಇನ್ನೊಂದು ಕಂಡೆ. ರಸ್ತೆಯ ಚರಂಡಿಯ ಬಾಯಿ ನೇರ ಈ ಮನೆಯ ಕಡೆಗೇ ತೆರೆದಿತ್ತು. ಮಳೆ ಬಂದರೆ ರಸ್ತೆಯ ನೀರೆಲ್ಲ ಅಡಿಯ ದಿಮ್ಮಿಗೆ ಬಡಿಯುತ್ತದೆ. ಮರದ ಮನೆ ಕೊಳೆಯಲು ಶುರುವಾಗುವುದು ಅಡಿಯಿಂದಲೇ. ಅರ್ಜಿ ಬರೆದು ಊರ ಕಚೇರಿಗೆ ಹೋದೆ.

ಅಲ್ಲಿದ್ದವರು ಓದಿ ಹೇಳಿದರು: “ನೀರು ಮನೆಗೆ ಬಡಿಯುತ್ತದೆ ಅಂತ ಬರೆದಿದ್ದೀರಿ. ಈಗ ನೀರೇ ಇಲ್ಲವಲ್ಲ. ಮಳೆ ಬಂದ ಮೇಲೆ ಬನ್ನಿ.”

“ಮಳೆ ಬಂದ ಮೇಲೆ ಬರುವುದು ಅರ್ಜಿ ಅಲ್ಲ ಸ್ವಾಮಿ, ದಿಮ್ಮಿ. ತೇಲಿಕೊಂಡು ನಿಮ್ಮ ಕಚೇರಿಗೇ ಬರುತ್ತದೆ” ಎಂದು ಬಾಗಿಲಲ್ಲಿ ಕೂತೆ. ಅರ್ಧ ದಿನ ಕೂತ ಮೇಲೆ, ಉಪದ್ರ ತಡೆಯಲಾರದೆ ಸ್ಥಳ ನೋಡಲು ಹೊರಟರು. ನಾನು ಎರಡು ದೊಡ್ಡ ಕೊಡ ನೀರು ತರಿಸಿ ಅವರ ಕಣ್ಣೆದುರೇ ಚರಂಡಿಗೆ ಸುರಿದೆ. ನೀರು ಸೀದಾ ಹೋಗಿ ಅಡಿಯ ದಿಮ್ಮಿಗೆ ಬಡಿಯಿತು. ನನಗೆ ಗೆದ್ದಷ್ಟು ಖುಷಿ.

“ಕಂಡಿತಲ್ಲ? ಬರೆಯಿರಿ ಈಗ!”

ಅವರು ಬರೆದರು. ಮರುದಿನ ಪ್ರತಿ ಕೈಗೆ ಬಂತು: “ಸ್ಥಳ ಪರಿಶೀಲಿಸಲಾಗಿ, ಸದರಿ ಮನೆಗೆ ಅರ್ಜಿದಾರರೇ ನೀರು ಹಾಕುತ್ತಿರುವುದು ಕಂಡುಬಂದಿರುತ್ತದೆ.”

ಒಲೆಗೆ ನಾಲ್ಕು

ಚರಂಡಿಯ ಬಾಯಿಗೆ ನಾವೇ ಕಲ್ಲು ಕಟ್ಟಿ ನೀರನ್ನು ಆಚೆ ತಿರುಗಿಸಿಕೊಂಡೆವು. ಎರಡು ಕೋಟು ಎಣ್ಣೆ ಆಯಿತು. ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಬಿಸಾಡಿದರೆ ಅದು ತನ್ನಷ್ಟಕ್ಕೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಮರದ ಮನೆ ಬೇರೆ! ಒಂದೊಂದು ಬಟ್ಟೆಯನ್ನೂ ಬೇಲಿಯ ಮೇಲೆ ಬಿಡಿಸಿ ಹಾಕಿ, ಗಂಟೆಗೊಮ್ಮೆ ಎಣಿಸುತ್ತಿದ್ದೆ.

ನೆರೆಮನೆಯ ಅಜ್ಜಿ ಬಂದು ಕೇಳಿದರು: “ಹ್ವಾಯ್, ಇದೆಂತಕ್ಕೆ ಇಷ್ಟ್ ಹೆದರೂದ್?”

“ಇದಕ್ಕೆ ಕಡ್ಡಿ ಗೀರುವುದೂ ಬೇಡ ಅಜ್ಜಿ, ತಾನಾಗಿ ಬೆಂಕಿ ಹತ್ತುತ್ತದೆ!”

ಅಜ್ಜಿ ಸೆರಗು ಚಾಚಿದರು. “ಹಾಂಗಾರೆ ನಂಗೊಂದ್ ನಾಕ್ ಕೊಡಿ ಮಗಾ. ಮಳಿಗಾಲ್ದಗೆ ನಮ್ಮ ಒಲಿ ಎಷ್ಟ್ ಊದ್ರೂ ಹತ್ತೂದಿಲ್ಲೆ.”

ಮೂರನೇ ಕೋಟು

ಕಡಲ ಕಡೆಯ ಗೋಡೆಗೂ, ಎಲ್ಲ ದಿಮ್ಮಿಗಳ ಕಡಿದ ತುದಿಗಳಿಗೂ ಮೂರನೇ ಕೋಟು ಬೇಕೇ ಬೇಕು. ಮರ ಹೆಚ್ಚು ನೀರು ಕುಡಿಯುವುದೇ ತುದಿಯಿಂದ. ಅಷ್ಟರಲ್ಲಿ ಎಣ್ಣೆ ಮುಗಿಯಿತು. ಪಡುವಣದಲ್ಲಿ ಮೋಡ ಕಪ್ಪಾಗಿ ಕೂತಿತ್ತು. ಸಾಲದ್ದಕ್ಕೆ ಮೊದಲ ಬಾಡಿಗೆಯವರು, ಮೈಸೂರು ಕಡೆಯ ಗಂಡ ಹೆಂಡತಿ, ಮರುದಿನವೇ ಬರುವವರು. “ಯಾರೂ ಗೋಡೆ ಮುಟ್ಟಬೇಡಿ” ಎಂದು ಹೇಳಿ ಎಣ್ಣೆ ತರಲು ಓಡಿದೆ. ಕುಂದಾಪುರದಲ್ಲಿ ಬಸ್ಸು ಕಾಯುವಾಗ ಕತ್ತು ಎತ್ತಿ ಎತ್ತಿ ಮೋಡ ನೋಡಿ ಕತ್ತೇ ನೋವಾಯಿತು.

ಸಂಜೆ ಹಿಂದೆ ಬಂದು ಬಸ್ಸಿನಿಂದ ಇಳಿದ ಕೂಡಲೇ ಮೂಗಿಗೆ ಏನೋ ನಾತ ಹೊಡೆಯಿತು. ಮನೆ ಹತ್ತಿರ ಬಂದಷ್ಟೂ ಜೋರು. ಅಂಗಳದಲ್ಲಿ ಊರಿನ ಬೆಕ್ಕೆಲ್ಲ ಸೇರಿದ್ದವು. ಒಂದೊಂದು ದಿಮ್ಮಿಯ ತುದಿಗೆ ಒಂದೊಂದು ಬೆಕ್ಕು, ಕಣ್ಣು ಮುಚ್ಚಿ ನೆಕ್ಕುತ್ತಿದ್ದವು. ಭಾವ ಮತ್ತು ದೋಣಿಯ ಹಳೇ ಜೊತೆಗಾರರು ಇಬ್ಬರು ಕೈ ಒರೆಸಿಕೊಳ್ಳುತ್ತಿದ್ದರು. ಮಳೆಗಾಲಕ್ಕೆ ದೋಣಿ ಮೇಲೆ ಎಳೆದಾಗ ಹಚ್ಚುವ ಮೀನೆಣ್ಣೆಯನ್ನು ಇಡೀ ಗೋಡೆಗೆ ಬಳಿದು ಮುಗಿಸಿದ್ದರು!

“ಭಾವಾ! ಇದೆಂತ ಮಾಡಿದ್ರಿ?”

“ಬೊಬ್ಬಿ ಹಾಕ್ಬೇಡಿ ಮೇಸ್ತ್ರಿ. ಕಡಲಗೇ ಬಿದ್ಕಂಡಿಪ್ಪು ದೋಣಿಗೆ ಹಚ್ಚೂದ್ ಇದೇ. ದಡದಗೆ ನಿಂತ್ ಮನಿಗೆ ಸಾಲುದಿಲ್ಯಾ?”

ಅಕ್ಕ ಮೆಟ್ಟಿಲ ಮೇಲೆ ತಲೆಗೆ ಕೈಹೊತ್ತು ಕೂತಿದ್ದರು. “ಬಪ್ಪುವ್ರ್ ಈ ವಾಸ್ನಿಗೆ ಒಳ್ಗೆ ಕಾಲೇ ಇಡುದಿಲ್ಲೆ. ಎಲ್ಲ ಹೋಯ್ತ್.” ನಾನು ಉತ್ತರ ಕೊಡುವುದರೊಳಗೆ ಮಳೆ ಸುರಿಯಿತು. ತಂದ ಎಣ್ಣೆಡಬ್ಬ ಕೈಯಲ್ಲೇ ಉಳಿಯಿತು.

ಬೆಳಗಾಗುತ್ತಲೇ ಸೂಜಿ ಚುಚ್ಚಿ ನೋಡಿದೆ. ಕಡಲ ಕಡೆಯ ಗೋಡೆ ಒಣಗಿಯೇ ಇತ್ತು. ನೀರು ಕೆಸುವಿನ ಎಲೆಯ ಮೇಲಿನ ಹಾಗೆ ಉರುಳಿ ಹೋಗಿತ್ತು. ತಡೆದದ್ದು ಅಡಿಯ ನನ್ನ ಎರಡು ಕೋಟೋ, ಮೇಲಿನ ಭಾವನ ಮೀನೆಣ್ಣೆಯೋ ಎಂಬ ಜಗಳ ನಮ್ಮಿಬ್ಬರಿಗೆ ಇನ್ನೂ ಮುಗಿದಿಲ್ಲ. ಬಂದ ಗಂಡ ಹೆಂಡತಿಯೂ ಎರಡು ದಿನ ಎಂದವರು ನಾಲ್ಕು ದಿನ ನಿಂತರು. ಆದರೆ ಮೊದಲ ದಿನ ಮಧ್ಯಾಹ್ನದ ಊಟ ಮುಗಿಯುವವರೆಗೆ ನಮ್ಮ ಮೂವರ ಜೀವ ಬಾಯಿಗೆ ಬಂದಿತ್ತು.

ಮೈಸೂರಿನವರು ಬಾಗಿಲಲ್ಲೇ ನಿಂತು ಮೂಗರಳಿಸಿದರು. ಅಕ್ಕ ಕಣ್ಣು ಮುಚ್ಚಿಕೊಂಡರು.

“ಆಹಾ! ಮೀನು ಊಟ ಅಂದ್ರೆ ಕರಾವಳೀಲೇ ಮಾಡ್ಬೇಕು” ಎಂದರು ಗಂಡ.

ಆ ಗಾಳಿಮಳೆಗೆ ಒಂದು ದೋಣಿಯೂ ಇಳಿದಿರಲಿಲ್ಲ, ಪೇಟೆಯಲ್ಲಿ ಒಂದು ಮೀನೂ ಇರಲಿಲ್ಲ. ಅಕ್ಕ ಮಾಡಿದ್ದು ಅಲಸಂಡೆ ಸಾರು, ಹಪ್ಪಳ. ಆ ಮನುಷ್ಯರು ಒಂದೊಂದೇ ಪಾತ್ರೆಯ ಮುಚ್ಚಳ ಎತ್ತಿ ನೋಡಿದರು. ಮತ್ತೊಮ್ಮೆ ಗಾಳಿ ಮೂಸಿದರು. ಆಮೇಲೆ ತುಂಬ ಮರ್ಯಾದೆಯಿಂದ ಕೇಳಿದರು: “ಅಕ್ಕಾ, ತಪ್ಪು ತಿಳ್ಕೋಬೇಡಿ. ಮನೆಯವರಿಗೆ ಅಂತ ಎತ್ತಿಟ್ಟಿರೋ ಮೀನಲ್ಲಿ ನಮಗೂ ಒಂದೊಂದು ತುಂಡು ಕೊಡ್ತೀರಾ?”

ಅಕ್ಕ ಸಾರಿನ ಸೌಟು ಹಿಡಿದೇ ನನ್ನ ಕಡೆ ತಿರುಗಿದರು. ನಾನು ಹಪ್ಪಳದ ತಟ್ಟೆ ಮುಂದೆ ತಳ್ಳಿದೆ. ಹುಟ್ಟಿದ ಮೇಲೆ ಒಂದು ಸುಳ್ಳು ಹೇಳಿ ಗೊತ್ತಿಲ್ಲದ ಭಾವ ಕಿಟಕಿಯಾಚೆಗೆ ಕೈ ತೋರಿಸಿದರು:

“ಎಲ್ಲ ಆ ಗೋಡಿಗೇ ಬಡಿಸಿ ಆಯ್ತ್ ಮಾರ್ರೆ. ಬೆಕ್ಕ್ ಬಿಟ್ಟದ್ದಿದ್ರೆ ತಕಣಿ.”