ಮಾತ್ರೆ ಸುತ್ತಿಕೊಟ್ಟ ಕಾಗದಕ್ಕಾಗಿ ಪಶುವೈದ್ಯರಿಗೆ ಕೃತಜ್ಞತೆಗಳು

ಮಾನ್ಯ ಪಶುವೈದ್ಯಾಧಿಕಾರಿಗಳೇ,

ತಮಗೂ, ತಮ್ಮನ್ನು ಯಾವ ಕಾರಣಕ್ಕೂ ಬಿಟ್ಟುಕೊಡದ ತಮ್ಮ ಕುರ್ಚಿಗೂ ನನ್ನ ಸವಿನಯ ವಂದನೆಗಳು.

ಕಳೆದ ಸೋಮವಾರ ನಾನೂ ನನ್ನ ದೊಡ್ಡಮ್ಮನೂ ಹನ್ನೆರಡು ದಿನದ ಹೆಣ್ಣುಗರುವನ್ನು ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ತಮ್ಮ ಆಸ್ಪತ್ರೆಗೆ ಬಂದದ್ದು ತಮಗೆ ನೆನಪಿರಲಾರದು, ಏಕೆಂದರೆ ಗಾಡಿ ಬಾಗಿಲ ಹೊರಗಿತ್ತು, ತಾವು ಒಳಗಿದ್ದಿರಿ, ನಡುವೆ ಹತ್ತು ಹೆಜ್ಜೆಗಳ ದೀರ್ಘ ಪ್ರಯಾಣವಿತ್ತು. ಎರಡು ದಿನದಿಂದ ನೀರಿನಂತೆ ಭೇದಿಯಾಗಿ, ಕಣ್ಣು ಗುಳಿಬಿದ್ದು, ತಲೆ ಎತ್ತಲಾರದೆ ಮಲಗಿದ್ದ ಆ ಕರುವಿನ ರೋಗವನ್ನು ತಾವು ದೊಡ್ಡಮ್ಮನ ಮುಖ ನೋಡಿಯೇ ಪತ್ತೆಹಚ್ಚಿ, "ಹುಳ ಕಣಮ್ಮಾ, ಹುಳ" ಎಂದು ಅಪ್ಪಣೆ ಕೊಡಿಸಿದಿರಿ. ಬೇರೆಯವರಾಗಿದ್ದರೆ ಬಾಲ ಎತ್ತಿ ನೋಡುವುದು, ಜ್ವರ ಅಳೆಯುವುದು ಮುಂತಾದ ಕೀಳು ಕೆಲಸಗಳಿಗೆ ಇಳಿಯುತ್ತಿದ್ದರು. ಅದೇ ಬೆಳಿಗ್ಗೆ ಕುಂಟುವ ಮೇಕೆಗೂ, ಹಾಲು ಬತ್ತಿದ ಎಮ್ಮೆಗೂ, ದರ್ಜಿಯವರ ಕೆಮ್ಮುವ ಹೋರಿಗರುವಿಗೂ ಅದೇ ಹುಳದ ಮಾತ್ರೆ ದೊರೆತದ್ದನ್ನು ಕಂಡು, ಸಮಾನತೆಯನ್ನು ಕರಪತ್ರಗಳಲ್ಲಿ ಮಾತ್ರ ಓದಿದ್ದ ನನ್ನ ಕಣ್ಣು ತುಂಬಿ ಬಂತು.

ಆದರೆ ತಮ್ಮ ನಿಜವಾದ ಉಪಕಾರವಿದ್ದದ್ದು ಮಾತ್ರೆಯಲ್ಲಲ್ಲ, ಅದನ್ನು ಸುತ್ತಿಕೊಟ್ಟ ಕಾಗದದಲ್ಲಿ. ಅದು ತಮ್ಮ ಇಲಾಖೆಯೇ ಅಚ್ಚು ಹಾಕಿಸಿದ, ಎಳಗರುಗಳ ಭೇದಿಯ ಬಗೆಗಿನ ಕೈಪಿಡಿಯ ಮೂರನೆಯ ಹಾಳೆ. ಇಷ್ಟು ಎಳೆಯ ಕರುವಿಗೆ ಹುಳದಿಂದ ಭೇದಿಯಾಗುವುದು ಅಪರೂಪವೆಂದೂ, ಮೈಯ ನೀರು ಬತ್ತುವುದೇ ಅದನ್ನು ಕೊಲ್ಲುವುದೆಂದೂ, ಕತ್ತಿನ ಚರ್ಮ ಚಿವುಟಿ ಬಿಟ್ಟಾಗ ಕೂಡಲೇ ಇಳಿಯದಿದ್ದರೆ ಅಪಾಯವೆಂದೂ ಅದರಲ್ಲಿತ್ತು. ಚಿವುಟಿದೆ. ಚರ್ಮ ಡೇರೆಯಂತೆ ನಿಂತೇ ಇತ್ತು. ಕುದಿಸಿ ಆರಿಸಿದ ನೀರಿಗೆ ಉಪ್ಪು, ಸಕ್ಕರೆ ಬೆರೆಸಿ ಕುಡಿಸಬೇಕೆಂದೂ ಇತ್ತು. ಎಷ್ಟು ನೀರಿಗೆ ಎಷ್ಟು ಉಪ್ಪು ಎನ್ನುವಷ್ಟರಲ್ಲಿ ಹಾಳೆಯೇ ಮುಗಿದಿತ್ತು.

ನಾಲ್ಕನೆಯ ಹಾಳೆ ದರ್ಜಿಯವರ ಮಾತ್ರೆಯನ್ನು ಸುತ್ತಿಕೊಂಡು ಹೋಗಿತ್ತು. ಅದನ್ನು ತರಲು ನಾನು ಸೈಕಲ್ ಹತ್ತುವಾಗ ದೊಡ್ಡಮ್ಮ, "ಕಾಗದ ಓದಿ ಕರು ಬದುಕೋ ಹಾಗಿದ್ರೆ ಇಷ್ಟೊತ್ತಿಗೆ ನೀನು ಒಂದು ಹಿಂಡನ್ನೇ ಸಾಕಿರಬೇಕಿತ್ತು ಕಣೋ!" ಎಂದು ಕೂಗಿದಳು. ದರ್ಜಿಯವರು ಆ ಹಾಳೆಯನ್ನು ಅಂಗಿಯ ಕಾಲರಿನ ಅಳತೆಗೆ ಕತ್ತರಿಸಿಯಾಗಿತ್ತು. ಪುಣ್ಯಕ್ಕೆ ಉಪ್ಪಿನ ಸಾಲು ಕಾಲರಿನೊಳಗೇ ಉಳಿದಿತ್ತು. ಎರಡೆರಡು ಗಂಟೆಗೊಮ್ಮೆ ಕುಡಿಸಿದೆವು, ನಡುನಡುವೆ ತಾಯಿಯ ಹಾಲು, ಮೇಲೆ ದೊಡ್ಡಮ್ಮನ ಕಂಬಳಿ. ಮೂರನೆಯ ದಿನ ಕರು ಎದ್ದು ನಿಂತು ಅವಳ ಮೊಣಕೈ ಚೀಪಿತು. ಆಗ ದೊಡ್ಡಮ್ಮ ಆ ಕಾಲರನ್ನು ಮಡಿಸಿ ತನ್ನ ಪೆಟ್ಟಿಗೆಯೊಳಗಿಟ್ಟಳು.

ಆದ್ದರಿಂದ, ಇನ್ನು ಮುಂದೆ ಒಂದೊಂದು ಮಾತ್ರೆಯನ್ನೂ ಇಡೀ ಕೈಪಿಡಿಯಲ್ಲಿ ಸುತ್ತಿಕೊಡಬೇಕಾಗಿಯೂ, ಅಷ್ಟು ಕಾಗದವಿಲ್ಲದಿದ್ದರೆ ಮಾತ್ರೆಯನ್ನು ಕೈಬಿಡಬೇಕಾಗಿಯೂ, ಭೇದಿಯಾದ ಕರುಗಳು ತಾವೇ ನಡೆದುಬಂದು ತಮ್ಮ ಮೇಜಿನೆದುರು ಬಾಲ ಎತ್ತಿ ನಿಲ್ಲತಕ್ಕದ್ದೆಂದು ಸುತ್ತೋಲೆ ಹೊರಡಿಸಬೇಕಾಗಿಯೂ ಪ್ರಾರ್ಥನೆ.

ಮಾತ್ರೆಯಲ್ಲಲ್ಲ, ಕಾಗದದಲ್ಲಿ
ತಮ್ಮ ವಿಶ್ವಾಸಿ,
ತಳ್ಳುಗಾಡಿ ತಳ್ಳಿದವನು

ತಾ.ಕ.: ಕಾಲರಿನ ತುದಿಯಲ್ಲಿ ಇನ್ನೊಂದು ಸಾಲೂ ಉಳಿದಿತ್ತು: "ಇಷ್ಟಾದರೂ ಗುಣವಾಗದಿದ್ದರೆ ತಡಮಾಡದೆ ಸಮೀಪದ ಪಶುವೈದ್ಯರನ್ನು ಕಾಣಿರಿ." ಅಚ್ಚಿನ ದೋಷವಿರಬೇಕೆಂದು ಕತ್ತರಿಸಿ ಇದರೊಂದಿಗೆ ಲಗತ್ತಿಸಿದ್ದೇನೆ. ಮುಂದಿನ ಮುದ್ರಣದಲ್ಲಿ ದಯವಿಟ್ಟು ತಿದ್ದಿಸಿ.