ಗುಂಡುಕಲ್ಲಿನ ಹೆಬ್ಬೆರಳು ಮತ್ತು ಹನ್ನೆರಡನೇ ಔಷಧಿ

ನಂಬುವ ಎದೆಗಾರಿಕೆ ಇಲ್ಲದವರು ಈಗಲೇ ಎದ್ದು ಹೋಗಬಹುದು, ಬೇಜಾರಿಲ್ಲ: ಹನ್ನೊಂದು ಔಷಧಿಗಳಿಗೆ ಮಣ್ಣು ಮುಕ್ಕಿಸಿದ ರೋಗಾಣುವೊಂದು ನಲವತ್ತು ಸಾವಿರ ಕೋಳಿಗಳ ಫಾರಂನಲ್ಲಿ, ಗುಂಡುಕಲ್ಲಿನ ಬಲಗೈ ಹೆಬ್ಬೆರಳಲ್ಲಿ ವಾಸವಾಗಿತ್ತು.

ಗುಂಡುಕಲ್ಲು ಅಂದರೆ ಮೇವು ಕಲಸುವ ಆಳು. ಹುಟ್ಟಿದಾಗಿನಿಂದ ಜ್ವರದ ಮುಖ ನೋಡಿದವನಲ್ಲ, ಅದಕ್ಕೇ ಆ ಹೆಸರು. ಚೀಲಕ್ಕೊಂದು ಚಮಚ ಔಷಧಿ, ಅದೂ ಕೋಳಿಗೆ ಕಾಯಿಲೆ ಬಂದರೆ ಮಾತ್ರ ಎಂಬುದು ನಿಯಮ. ಆದರೆ ಬೆಳಗಿನ ಪಾಳಿಯವನು ಹಾಕಿದ್ದನ್ನು ಮಧ್ಯಾಹ್ನದವನು ನಂಬುತ್ತಿರಲಿಲ್ಲ. ಇರಲಿ ಅಂತ ತಾನೂ ಒಂದು ಚಮಚ ಸುರಿಯುತ್ತಿದ್ದ. ಇಬ್ಬರನ್ನೂ ನಂಬದ ಗುಂಡುಕಲ್ಲು ಬೊಗಸೆಯಲ್ಲೇ ಹಾಕುತ್ತಿದ್ದ. "ನನ್ನ ಕೈಗುಣಕ್ಕೇ ಕಣ್ರೋ ಕೋಳಿ ಈ ಪಾಟಿ ಉಬ್ಬೋದು!"

ಒಂದು ಕೋಳಿ ಪರಚಿತು. ಬೆರಳು ಬದನೆಕಾಯಿಯಾಯಿತು. ಆಸ್ಪತ್ರೆಯ ಡಾಕ್ಟರಮ್ಮ ಕೀವು ಪರೀಕ್ಷೆ ಮಾಡಿಸಿ, "ಹನ್ನೊಂದು ಔಷಧೀನೂ ನಾಟಲ್ಲಪ್ಪ. ಹನ್ನೆರಡನೇದು ಒಂದೇ ಉಳಿದಿರೋದು, ಅದು ನಮ್ಮಲ್ಲಿಲ್ಲ. ಎಂಟು ದಿನದಲ್ಲಿ ಸಿಗದಿದ್ರೆ ಬೆರಳು ತೆಗೀಬೇಕು," ಅಂದರು.

ಗುಂಡುಕಲ್ಲು ಚೀಟಿ ಹಿಡಿದು ಫಾರಂಗೆ ಓಡಿಬಂದವನೇ ಮೊದಲು ಜಂಬ ಕೊಚ್ಚಿದ. "ಹನ್ನೊಂದಕ್ಕೂ ಬಗ್ಗದ ಹುಳ ಯಾರ ಹತ್ರ ಇದೆ ತೋರಿಸ್ರೋ!"

"ನಿನ್ನ ಮೈಯಲ್ಲಿದ್ದು ಅದಕ್ಕೂ ಸೊಕ್ಕು ಬಂದಿದೆ ಬಿಡಣ್ಣ," ಅಂದಳು ಹಿಕ್ಕೆ ಗುಡಿಸುವವಳು.

ಹನ್ನೆರಡನೆಯದು ಫಾರಂನ ಉಗ್ರಾಣದಲ್ಲೇ ಡಬ್ಬಗಟ್ಟಲೆ ಇತ್ತು. ಮ್ಯಾನೇಜರ್ ಸಾಹೇಬರು ಕನ್ನಡಕ ಏರಿಸಿದರು.

"ಇದು ಕೋಳಿಗಳಿಗೆ ಮಾತ್ರ. ನೀನು ಕೋಳಿಯೇನಪ್ಪಾ?"

"ಅಲ್ಲ ಸಾರ್."

"ಅಲ್ಲೇ ಇರೋದು ತೊಡಕು."

ಬಾಗಿಲಲ್ಲಿ ನಿಂತಿದ್ದ ಗುಂಡುಕಲ್ಲಿನ ಹೆಂಡತಿಗೆ ತಡೆಯಲಾಗಲಿಲ್ಲ. "ರೀ, ಹೌದು ಅಂದ್ಬಿಡ್ರೀ! ಹೋಗೋದು ನಿಮ್ಮ ಬೆರಳು, ಅವರದಲ್ಲ!"

ಹೌದು ಅಂದ. ಕೂಡಲೇ ಸುತ್ತೋಲೆ ಹೊರಟಿತು: "ಸದರಿ ನೌಕರನ ತೂಕ ಎಪ್ಪತ್ತು ಕಿಲೋ ಇರುವುದರಿಂದ ಆತನನ್ನು ಎರಡು ಕಿಲೋದ ಮೂವತ್ತೈದು ಕೋಳಿಗಳೆಂದು ಪರಿಗಣಿಸತಕ್ಕದ್ದು. ಒಂದು ಕೋಳಿಗೆ ಔಷಧಿ ಕೊಟ್ಟಲ್ಲಿ ಎಲ್ಲ ಕೋಳಿಗಳಿಗೂ ಕೊಡತಕ್ಕದ್ದು. ಹೊಸದಾಗಿ ಸೇರಿದ ಕೋಳಿಗಳ ಸರದಿ ಕಡೆಗೆ."

ಏಳು ದಿನ ನಲವತ್ತು ಸಾವಿರ ಕೋಳಿಗಳು ಹನ್ನೆರಡನೆಯದನ್ನು ಮೆದ್ದವು. ಕಲಸಿದವನು ಗುಂಡುಕಲ್ಲೇ, ಕೈ ಬಾತಿದ್ದರೂ ಬೊಗಸೆ ಬಿಡಲಿಲ್ಲ. ಉಳಿದ ಪಾಳಿಯವರು ಇರಲಿ ಅಂತ ಒಂದೊಂದು ಚಮಚ ಸೇರಿಸಿದರು. ಎಂಟನೇ ದಿನ ಮೂವತ್ತೈದು ಕೋಳಿಗಳ ಪಾಲನ್ನು ಅವನೊಬ್ಬನೇ ನುಂಗಿದ. ಅಷ್ಟರಲ್ಲಿ ರೋಗಾಣು ಕೋಳಿಗಳ ಹೊಟ್ಟೆಯಲ್ಲಿ ಹನ್ನೆರಡನೆಯದನ್ನೂ ಗೆದ್ದು, ಹಿಕ್ಕೆಯ ಜೊತೆ ಹೊರಬಂದು, ಅವನ ಗಾಯದೊಳಗೆ ಕಾಲು ಚಾಚಿ ಮಲಗಿತ್ತು.

ಡಾಕ್ಟರಮ್ಮ ಬೆರಳು ತೆಗೆದರು.

ಫಾರಂನಲ್ಲಿ ಸನ್ಮಾನ ಸಭೆ ನಡೆಯಿತು. "ಹನ್ನೆರಡನ್ನೂ ಗೆದ್ದ ರೋಗಾಣು ನಮ್ಮ ಸಂಸ್ಥೆಯ ಹೆಮ್ಮೆ. ಪಕ್ಕದ ಫಾರಂನವರದು ಇನ್ನೂ ಏಳರಲ್ಲೇ ಇದೆ," ಎಂದರು ಸಾಹೇಬರು. ಎಲ್ಲರೂ ಚಪ್ಪಾಳೆ ತಟ್ಟಿದರು, ಗುಂಡುಕಲ್ಲು ಎಲ್ಲರಿಗಿಂತ ಜೋರಾಗಿ. ಹದಿಮೂರನೆಯ ಔಷಧಿ ತರಿಸಲು ಸರ್ವಾನುಮತದ ಒಪ್ಪಿಗೆ ಸಿಕ್ಕಿತು.

ಕೊನೆಗೆ ಗುಂಡುಕಲ್ಲಿಗೆ ಒಂದು ಜೊತೆ ರಬ್ಬರ್ ಕೈಗವಸು ಕೊಟ್ಟರು, ಒಂಬತ್ತು ಬೆರಳಿನದು.