ಅಳತೆ ರವಿಕೆ ಕೈಕೊಟ್ಟಾಗ

ನನ್ನ ಮೈಯಳತೆ ನನಗೆ ಗೊತ್ತಿರಲಿಲ್ಲ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ನಮ್ಮ ಹಿಂದೂಪುರದ ಕಡೆ ಯಾವ ಹೆಂಗಸಿಗೂ ಅದು ಗೊತ್ತಿರುವುದಿಲ್ಲ. ಗೊತ್ತಿರುವುದು ಅಳತೆ ರವಿಕೆಗೆ ಮಾತ್ರ. ಮೈಗೆ ಸರಿಯಾಗಿ ಕೂತ ಒಂದು ರವಿಕೆಯನ್ನು ಜೋಪಾನವಾಗಿ ಎತ್ತಿಟ್ಟಿರುತ್ತೇವೆ. ಹೊಸದು ಹೊಲಿಸುವಾಗ ಬಟ್ಟೆಯ ಜೊತೆ ಅದನ್ನು ಸುತ್ತಿ ಕೊಟ್ಟರೆ ಮುಗಿಯಿತು. ದರ್ಜಿ ಟೇಪು ಹಿಡಿದು ಹತ್ತಿರ ಬರುವುದಿಲ್ಲ, ನಾವೂ ಬರಗೊಡುವುದಿಲ್ಲ. ನನ್ನದು ಗಿಳಿಹಸಿರು ಬಣ್ಣದ್ದು. ಕಲ್ಯಾಣದುರ್ಗದ ಸರ್ಕಾರಿ ಕಚೇರಿಯೊಂದರಲ್ಲಿ ಜೂನಿಯರ್ ಅಸಿಸ್ಟೆಂಟ್ ಕೆಲಸ ಸಿಕ್ಕ ವರ್ಷ ಹೊಲಿಸಿದ್ದು. ಆಗ ನಾನು ಎಷ್ಟು ತೆಳ್ಳಗಿದ್ದೆನೆಂದರೆ, ಗಾಳಿ ಜೋರಾದ ದಿನ ನಾಲ್ಕು ಫೈಲು ಅವುಚಿಕೊಂಡೇ ವರಾಂಡ ದಾಟುತ್ತಿದ್ದೆ. "ಒಳಗಡೆ ಬಟ್ಟೆ ಬಿಡ್ಲಾ, ಮುಂದಕ್ಕೆ ಬಿಚ್ಕೋಬೋದು" ಎಂದು ದರ್ಜಿ ಕೇಳಿದಾಗ, "ಏನೂ ಬೇಡ, ಕತ್ತರಿಸಾಕು" ಎಂದಿದ್ದೆ. ಪ್ರಾಯದಲ್ಲಿ ಮನುಷ್ಯರು ಎಂಥೆಂಥ ಮಾತು ಆಡಿಬಿಡುತ್ತಾರೆ ನೋಡಿ.

ಚೊಚ್ಚಲ ಹೆರಿಗೆಗೆ ತವರಿಗೆ ಬಂದೆ. ಹೆಣ್ಣುಮಗು ಹುಟ್ಟಿತು. ಅಮ್ಮ ಬಾಣಂತನವನ್ನು ವ್ರತದಂತೆ ಹಿಡಿದಳು. ಬೆಳ್ಳುಳ್ಳಿ, ತುಪ್ಪ, ಕೊಬ್ಬರಿ ಬೆಲ್ಲ, ಅದರ ಮೇಲೆ ಮತ್ತೆ ತುಪ್ಪ. ಸಾಕು ಎಂದರೆ, "ಮೈಕೈ ತುಂಬ್ಕೊಂಡು ಹೋಗ್ಬೇಕು ಕಣಮ್ಮ. ನೀನು ಸೊರಗಿ ಹೋದ್ರೆ ನಿಮ್ಮತ್ತೆ ಮುಂದೆ ನಾನೆಂಗೆ ತಲೆ ಎತ್ಲಿ?" ಎನ್ನುತ್ತಿದ್ದಳು. ಹೀಗೆ ಅಮ್ಮನ ತಲೆ ಎತ್ತಿಸುವುದಕ್ಕಾಗಿ ನಾನು ನಾಲ್ಕು ತಿಂಗಳು ತಿಂದೆ. ರಜೆ ಮುಗಿಯುವ ವಾರ ಹಳೆಯ ರವಿಕೆಗಳನ್ನು ತೆಗೆದು ನೋಡಿದರೆ ಒಂದೂ ಮೊಣಕೈ ದಾಟಿ ಮೇಲೇರಲಿಲ್ಲ. ಬರುವ ಸೋಮವಾರ ಡ್ಯೂಟಿಗೆ ಸೇರಬೇಕು! ನನ್ನ ಹೆದರಿಕೆಗೆ ಕಾರಣವಿತ್ತು. ಹಿಂದಿನ ವರ್ಷ ಬಾಣಂತನ ಮುಗಿಸಿ ಬಂದ ಸಹೋದ್ಯೋಗಿಯೊಬ್ಬಳನ್ನು ಕಂಡು, "ನಮ್ಮ ಸೆಕ್ಷನ್ನಿಗೆ ಇನ್ನೊಂದು ಬೀರು ಬಂತು" ಎಂದು ಪಿಸುಗುಟ್ಟಿ ಎಲ್ಲರನ್ನೂ ನಗಿಸಿದವಳು ನಾನೇ.

ಮೊದಲು ಸೀರೆ ಅಂಗಡಿಗೆ ಹೋದೆವು. ಆಫೀಸಿಗೆ ಉಡುವುದು ಎಂದೊಡನೆ ಅಂಗಡಿಯವನು ತಿಳಿಬಣ್ಣದ, ಸಣ್ಣ ಜರಿಯಂಚಿನ ಸೀರೆಗಳನ್ನು ಗುಡ್ಡೆ ಹಾಕಿದ. ನನಗೆ ಬೇಕಿದ್ದುದು ಹಾಲಿನ ಕಲೆ ಕಾಣದಂಥ ಕಡುಬಣ್ಣ, ಮಗುವಿನ ಕೆನ್ನೆ ತರಚದಂಥ ಅಂಚು. ಇದನ್ನು ಗಂಡಸಿನ ಮುಂದೆ ಹೇಳುವುದು ಹೇಗೆ? ಒಂದೊಂದೇ ಸೀರೆ ಎತ್ತಿ ನನ್ನ ಕೆನ್ನೆಗೆ ಉಜ್ಜಿಕೊಂಡು "ಬೇಡ" ಅನ್ನುತ್ತಾ ಹೋದೆ. ಹತ್ತು ಸೀರೆ ಆಗುವಷ್ಟರಲ್ಲಿ ಅವನು ನನ್ನನ್ನು ಬಿಟ್ಟು ಅಮ್ಮನ ಮುಖ ನೋಡತೊಡಗಿದ. "ಇನ್ನೇನಿಲ್ಲ ಕಣಪ್ಪ, ಹಾಲು ಕುಡ್ಸೋ ತಾಯಿ. ಮಗೀಗೆ ಚುಚ್ಚದಂಗಿರೋದು ಕೊಡು" ಎಂದು ಅಮ್ಮ ಇಡೀ ಅಂಗಡಿಗೆ ಕೇಳುವಂತೆ ಹೇಳಿದಳು. ನಾನು ನೆಲ ನೋಡಿದೆ. ಅವನು ಮಾತ್ರ, "ಮೊದ್ಲೇ ಹೇಳ್ಬಾರ್ದಾ ಅಕ್ಕಾ, ನಮ್ಮನೇಲೂ ಅದೇ ಕತೆ" ಎಂದು ಕಡುನೀಲಿಯದೊಂದು, ಕಂದು ಹೂವಿನದೊಂದು ಮೆತ್ತನೆಯ ನೂಲಿನ ಸೀರೆ ತೆಗೆದುಕೊಟ್ಟ. ಎರಡು ನಿಮಿಷದಲ್ಲಿ ವ್ಯಾಪಾರ ಮುಗಿಯಿತು.

ಸೀರೆಗೇನು, ಯಾರನ್ನು ಬೇಕಾದರೂ ಸುತ್ತಿಕೊಳ್ಳುತ್ತದೆ. ಮಾನ ಕಳೆಯುವುದು ರವಿಕೆ. ಮರುದಿನ ನಮ್ಮ ಬೀದಿಯ ದರ್ಜಿ ನಾಗಣ್ಣನ ಹತ್ತಿರ ಹೋಗಿ ಗಿಳಿಹಸಿರನ್ನು ಮುಂದಿಟ್ಟೆ. ಅವನು ಅದನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಅದನ್ನು ನೋಡಿದ.

"ಇದು ತಂಗೀದಾ?"

"ನಂದೇ. ಒಂಚೂರು ಲೂಸಾಗಿ ಹೊಲಿ."

"ಒಂಚೂರು ಅಂದ್ರೆ ಎಷ್ಟಮ್ಮಾ?"

ಎರಡು ಬೆರಳು ತೋರಿಸಿದೆ. ಅವನು ಗಡ್ಡ ಕೆರೆದುಕೊಂಡ. "ಸರಿಯಾಗಿ ಹಿಡ್ಸೋದು ಒಂದು ತಂದ್ಕೊಡಿ, ಹಂಗೇ ಹೊಲ್ದುಬುಡ್ತೀನಿ."

"ಹಿಡ್ಸೋದು ಒಂದಿದ್ರೆ ನಿನ್ನ ತಾವ ಯಾಕೆ ಬತ್ತಿದ್ದೆ ನಾಗಣ್ಣ?"

"ಹಂಗಾರೆ ನಿಮ್ಮಮ್ಮಂದು ಕೊಡಿ."

ನನಗೆ ಸಿಟ್ಟು ನೆತ್ತಿಗೇರಿತು. ಇಪ್ಪತ್ತೇಳು ವರ್ಷದ ನಾನು ಅಮ್ಮನ ಅಳತೆಗೆ ಹೊಲಿಸಿಕೊಳ್ಳುವುದೇ! ಎರಡು ಬೆರಳೆಂದರೆ ಎರಡೇ ಬೆರಳು ಎಂದು ಹೇಳಿ ಬಂದೆ.

ಶುಕ್ರವಾರ ಸಂಜೆ ರವಿಕೆ ಬಂತು. ಬಾಗಿಲು ಹಾಕಿಕೊಂಡು ತೊಡಲು ಹೋದೆ. ಬಲಗೈ ಅರ್ಧಕ್ಕೆ ಹೋಗಿ ಸಿಕ್ಕಿಕೊಂಡಿತು; ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಅದೇ ಹೊತ್ತಿಗೆ ಮಗು ಅಳತೊಡಗಿತು. ಎತ್ತಿಕೊಳ್ಳೋಣವೆಂದರೆ ಕೈ ಎತ್ತಲಾಗದು. ಮಂಚದ ಮೇಲೆ ಕೂತು ನಾನೂ ಅತ್ತೆ. ಮಗುವನ್ನು ಮನೆಯಲ್ಲಿ ಬಿಟ್ಟು ಕಚೇರಿಗೆ ಹೋಗಬೇಕಲ್ಲ ಎಂಬುದಕ್ಕೆ ಅತ್ತೆನೋ, ತೋಳಿಗೆ ಅತ್ತೆನೋ, ಈಗಲೂ ಹೇಳಲಾರೆ. ಎರಡಕ್ಕೂ ಇರಬೇಕು.

ಅಮ್ಮ ಬಂದು ತೋಳು ಬಿಡಿಸಿದಳು, ಮಗುವನ್ನು ಮಡಿಲಿಗಿಟ್ಟಳು. ಅದು ಹಾಲು ಕುಡಿದು ಮಲಗಿದ ಮೇಲೆ ತನ್ನದೊಂದು ರವಿಕೆ ತಂದುಕೊಟ್ಟಳು. ಸೋತು ಹೋಗಿದ್ದೆ, ತೊಟ್ಟುಕೊಂಡೆ. ಅಲ್ಲಿಯೂ ಹುಕ್ಕಿಗೂ ಕಾಜಕ್ಕೂ ನಡುವೆ ಮೂರು ಬೆರಳು ಜಾಗ ಉಳಿಯಿತು! ಯಾರ ಅಳತೆ ಅವಮಾನವೆಂದು ಸಿಟ್ಟಾಗಿದ್ದೆನೋ ಆ ಅಳತೆಯೂ ನನಗೆ ಎಟುಕಲಿಲ್ಲ. ಅಮ್ಮನ ಮುಖವೋ, ಮಗಳಿಗೆ ಪರೀಕ್ಷೆಯಲ್ಲಿ ರ್‍ಯಾಂಕು ಬಂದಂತೆ ಅರಳಿತು. "ದೃಷ್ಟಿ ಆಗ್ಬುಡ್ತದೆ ಕಣೇ" ಎಂದು ಓಡಿಹೋಗಿ ಉಪ್ಪು ಮೆಣಸಿನಕಾಯಿ ತಂದು ನಿವಾಳಿಸಿದಳು.

ಕೊನೆಗೆ ಶನಿವಾರ ನಾಗಣ್ಣನ ಹೆಂಡತಿ ಲಕ್ಷ್ಮಕ್ಕ ನನ್ನನ್ನು ಅಂಗಡಿಯ ಹಿಂದಿನ ಕೋಣೆಗೆ ಕರೆದು ಪರದೆ ಎಳೆದು ಟೇಪು ಹಿಡಿದಳು. ನನ್ನ ಆಯುಷ್ಯದಲ್ಲಿ ಅದೇ ಮೊದಲು. ಅವಳು ಅಳೆಯುವುದು, ತೆಲುಗಿನಲ್ಲಿ ಕೂಗುವುದು, ಪರದೆಯಾಚೆ ನಾಗಣ್ಣ ಬರೆದುಕೊಳ್ಳುವುದು.

"ನಲಭೈ!" ಎಂದು ಲಕ್ಷ್ಮಕ್ಕ ಕೂಗಿದಳು. ನಲವತ್ತು ಇಂಚು.

ಆಚೆಯಿಂದ, "ಎಂತಾ? ಮಳ್ಳೀ ಚೆಪ್ಪು" ಎಂದ ನಾಗಣ್ಣ. ಇನ್ನೊಂದು ಸಲ ಹೇಳಬೇಕಂತೆ. ಲಕ್ಷ್ಮಕ್ಕ ಇನ್ನೂ ಗಟ್ಟಿಯಾಗಿ ಹೇಳಿದಳು. ಬೀದಿಯಲ್ಲಿ ಸೊಪ್ಪು ಮಾರುತ್ತಿದ್ದವಳು ಕೂಗುವುದನ್ನು ನಿಲ್ಲಿಸಿದ ಹಾಗೆ ನನಗನ್ನಿಸಿತು. ಆದರೆ ಅಂದು ಸಂಜೆ ಬಂದ ಎರಡು ರವಿಕೆಗಳು ಬೆಣ್ಣೆಯಂತೆ ಮೈಗೆ ಕೂತವು. ಕೈ ಎತ್ತಿದೆ, ಇಳಿಸಿದೆ, ಮಗುವನ್ನು ಎತ್ತಿಕೊಂಡು ಎರಡು ಸುತ್ತು ತಿರುಗಿದೆ. ಎಷ್ಟು ಸುಖವಾಗಿತ್ತೆಂದರೆ ಕನ್ನಡಿ ನೋಡುವುದೇ ಮರೆತುಹೋಯಿತು.

ಭಾನುವಾರ ಅಮ್ಮನೇ ನನ್ನನ್ನೂ ಮಗುವನ್ನೂ ಕಲ್ಯಾಣದುರ್ಗಕ್ಕೆ ಬಿಡಲು ಬಂದಳು. ಪೆನುಕೊಂಡದ ಮಾರ್ಗವಾಗಿ ಬಸ್ಸು ಕುಲುಕಿ ಕುಲುಕಿ ಹೋಗುವಷ್ಟು ಹೊತ್ತೂ ಸೆರಗನ್ನು ಎರಡು ಹೆಗಲಿಗೂ ಹೊದ್ದು, ದಪ್ಪ ಕಾಣದಂತೆ ಹೇಗೆ ಕೂರಬೇಕು, ಹೇಗೆ ನಡೆಯಬೇಕು ಎಂದು ಯೋಚಿಸುತ್ತಿದ್ದೆ. ಆಟೋ ಮನೆ ಮುಂದೆ ನಿಂತಿತು. ನಮ್ಮತ್ತೆ ಆರತಿ ತಟ್ಟೆ ಹಿಡಿದು ಹೊಸಿಲಿಗೆ ಬಂದವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಯ್ಯೋ, ಏನವ್ವಾ ಹಿಂಗೆ ಸೊರಗ್ಬುಟ್ಟಿದ್ದೀಯ!" ಎಂದರು.

ವಾರವಿಡೀ ನಾನು ಕೇಳಲು ಹಂಬಲಿಸಿದ್ದು ಅದೇ ಮಾತು. ಆದರೆ ಪಕ್ಕದಲ್ಲಿ ಅಮ್ಮನ ಮುಖ ಬಾಡಿಹೋಯಿತು. ನನಗೆ ತಡೆಯಲಾಗಲಿಲ್ಲ. "ಎಲ್ಲಿ ಸೊರಗಿದ್ದೀನಿ ಅತ್ತಮ್ಮಾ? ಸರಿಯಾಗಿ ನೋಡಿ!" ಎಂದು ಸೆರಗು ಸರಿಸಿ ಎರಡೂ ತೋಳು ಮುಂದೆ ಚಾಚಿದೆ. "ಅಮ್ಮನ ಜಾಕೀಟೂ ನಂಗೆ ಹಿಡ್ಸಲ್ಲ! ಟೇಪಿಟ್ಟು ಅಳ್ಸಿದ್ದೀನಿ, ನಲವತ್ತು!" ಅಕ್ಕಪಕ್ಕದ ಮನೆಯವರು ಬಾಗಿಲಿಗೆ ಬಂದಿದ್ದರು. ಮಾರನೆಯ ದಿನದ ಕಚೇರಿ ನನಗೆ ನೆನಪೇ ಇರಲಿಲ್ಲ. ಚೀಲ ಇಳಿಸುತ್ತಿದ್ದ ಆಟೋದವನು ಒಮ್ಮೆ ನನ್ನತ್ತ ನೋಡಿ, "ಔನಮ್ಮಾ, ಬಾಗಾನೇ ಲಾವುಗಾ ಉನ್ನಾರು," ಚೆನ್ನಾಗೇ ದಪ್ಪ ಇದ್ದಾರೆ ಎಂದು ಅತ್ತೆಗೆ ಸಾಕ್ಷಿ ಹೇಳಿದ. ಅಮ್ಮ ತಲೆ ಎತ್ತಿದಳು. ಕಂಡರಿಯದ ಗಂಡಸೊಬ್ಬ ನಡುಬೀದಿಯಲ್ಲಿ ನನ್ನನ್ನು ದಪ್ಪ ಎಂದದ್ದಕ್ಕೆ, ಒಂದು ಲೋಟ ಕಾಫಿ ಕುಡಿದೇ ಹೋಗಬೇಕೆಂದು ಅವನನ್ನು ಬಲವಂತ ಮಾಡಿ ಕೂರಿಸಿದವಳು ನಾನೇ.